ಯುದ್ಧದಿಂದ ಮನೆಗೆ ಬಂದ ಮಗನ ಹಾರರ್ ಸಿನಿಮಾ: ಕಮ್ಮಿ ದುಡ್ಡಲ್ಲಿ ಮಾಡೋದು ಹೇಗೆ

ಹಾರರ್ ಫಿಲ್ಮ್ ಮಾಡ್ತೀನಿ ಅಂತ ಹೊರಡೋರು ಮೊದಲು ತಲೆ ಕೆಡಿಸ್ಕೊಳ್ಳೋದೇ ದೆವ್ವದ ಬಗ್ಗೆ, ಕಣ್ಣು ಬಿಳಿ ಇರ್ಬೇಕಾ, ಮುಖ ಎಷ್ಟು ಕೊಳೆತಿರ್ಬೇಕು, ಎಲ್ಲಿಂದ ನೆಗೆದು ಬರ್ಬೇಕು ಅಂತ. ಸೈನಿಕ ಯುದ್ಧದಿಂದ ಮನೆಗೆ ಬರೋ ಕಥೆ ಆದ್ರೆ ಆ ಯೋಚ್ನೆ ಕೊನೆಗಿಡಿ. ಮೊದಲು ಹುಡುಕ್ಬೇಕಾಗಿರೋದು ಒಂದು ಅಮ್ಮ, ಒಂದು ಅಪ್ಪ. ನಿಮ್ಮ ಹತ್ರ ಇರೋದು ಒಂದು ಲಕ್ಷ ಆಗ್ಲಿ ಹತ್ತು ಲಕ್ಷ ಆಗ್ಲಿ, ಕಲಾವಿದರಿಗೆ ಅಂತ ಇಟ್ಟಿರೋದ್ರಲ್ಲಿ ಮುಕ್ಕಾಲು ಪಾಲು ಆ ಇಬ್ಬರ ಮೇಲೆ ಹಾಕಿ. ಯಾಕೆ ಅಂತ ಹೇಳ್ತೀನಿ.

ಈ ಜಾತಿ ಸಿನಿಮಾಗೆ ಪಾಠ ಪುಸ್ತಕ ಅಂತ ಒಂದಿದ್ರೆ ಅದು 'ಡೆತ್‌ಡ್ರೀಮ್', 1974ರಲ್ಲಿ ಬಂದಿದ್ದು, ಬಾಬ್ ಕ್ಲಾರ್ಕ್ ಡೈರೆಕ್ಷನ್, ಆಲನ್ ಓರ್ಮ್ಸ್‌ಬಿ ಸ್ಕ್ರಿಪ್ಟ್. ಶೂಟ್ ಆಗಿದ್ದು ಫ್ಲೋರಿಡಾದ ಬ್ರೂಕ್ಸ್‌ವಿಲ್ ಅನ್ನೋ ಸಣ್ಣ ಊರಲ್ಲಿ, ಬಜೆಟ್ ಸುಮಾರು 2,35,000 ಡಾಲರ್ ಅಂತಾರೆ, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು. ಕಥೆ ಇಷ್ಟೇ, ಆಂಡಿ ಅನ್ನೋ ಹುಡುಗ ವಿಯೆಟ್ನಾಂನಲ್ಲಿ ಗುಂಡು ತಿಂದು ಬೀಳ್ತಾನೆ, ಬೀಳೋವಾಗ ಅವನ ಕಿವಿಗೆ ಅಮ್ಮನ ದನಿ ಕೇಳ್ಸತ್ತೆ, ನೀನು ವಾಪಸ್ ಬರ್ಲೇಬೇಕು ಮಾತು ಕೊಟ್ಟಿದ್ದೀಯ ಅಂತ. ಮನೆಗೆ ಸಾವಿನ ಸುದ್ದಿ ಬರತ್ತೆ, ಅಮ್ಮ ನಂಬಲ್ಲ. ಆಮೇಲೆ ರಾತ್ರೋರಾತ್ರಿ ಯೂನಿಫಾರ್ಮ್ ಹಾಕ್ಕೊಂಡು ಮಗ ಮನೆ ಒಳಗೆ ನಿಂತಿರ್ತಾನೆ. ಅಯ್ಯೋ ಆಫೀಸಿನೋರು ಏನೋ ತಪ್ಪು ಮಾಡಿದಾರೆ ಬಿಡಿ ಅಂತ ಎಲ್ರೂ ನಕ್ಕು ಅಪ್ಪಿಕೊಳ್ತಾರೆ. ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ 1902ರಲ್ಲಿ ಬರೆದ 'ದಿ ಮಂಕೀಸ್ ಪಾ' ಕಥೇನ ವಿಯೆಟ್ನಾಂ ಕಾಲಕ್ಕೆ ತಂದಿದ್ದು ಇದು, ಅಲ್ಲೂ ಸತ್ತ ಮಗನ್ನ ಬೇಕು ಅಂತ ಬೇಡ್ಕೊಳ್ಳೋದು ಅಮ್ಮನೇ. ಆದ್ರೆ ಜೇಕಬ್ಸ್ ಕಥೇಲಿ ಬಾಗಿಲು ತೆಗೆಯೋ ಹೊತ್ತಿಗೆ ಹೊರಗೆ ಯಾರೂ ಇರಲ್ಲ, ಇಲ್ಲಿ ಮಗ ಒಳಗೇ ಬಂದ್ಬಿಡ್ತಾನೆ, ಊಟದ ಟೇಬಲ್‌ಗೆ ಕೂತ್ಕೋತಾನೆ, ಏನೂ ತಿನ್ನಲ್ಲ.

ಈಗ ಕಾಸ್ಟಿಂಗ್ ನೋಡಿ. ಅಪ್ಪ ಜಾನ್ ಮಾರ್ಲಿ, ಅಮ್ಮ ಲಿನ್ ಕಾರ್ಲಿನ್. ಇಬ್ಬರೂ ಅದಕ್ಕೆ ಮುಂಚೆ 1968ರ 'ಫೇಸಸ್'ನಲ್ಲಿ ಗಂಡ ಹೆಂಡ್ತಿಯಾಗಿ ಮಾಡಿದ್ರು, ಕಾರ್ಲಿನ್‌ಗೆ ಅದಕ್ಕೆ ಆಸ್ಕರ್ ನಾಮಿನೇಷನ್ ಬಂದಿತ್ತು, ಮಾರ್ಲಿಗೆ 'ಲವ್ ಸ್ಟೋರಿ'ಗೆ ಬಂದಿತ್ತು. 'ಗಾಡ್‌ಫಾದರ್' ನೋಡಿದೋರಿಗೆ ಹಾಸಿಗೇಲಿ ಕುದುರೆ ತಲೆ ನೋಡಿ ಕಿರುಚೋ ನಿರ್ಮಾಪಕ ನೆನಪಿರ್ಬೇಕಲ್ಲ, ಅವರೇ ಈ ಮಾರ್ಲಿ. ಅಂದ್ರೆ ಹೆಸರು ಹೇಳಕ್ಕೂ ಇಲ್ಲದ, ಬಯಲಲ್ಲಿ ಕಾರೊಳಗೇ ಕೂತು ನೋಡೋ ಡ್ರೈವ್-ಇನ್ ಹಾರರ್ ಒಂದಕ್ಕೆ ಆ ಟೀಮು ಮೊದಲೇ ಒಂದು ಹಳಸಿದ ಮದುವೇನ ತೆರೆ ಮೇಲೆ ಬದುಕಿ ತೋರ್ಸಿದ ಜೋಡೀನ ತಂದಿತ್ತು. ಆಂಡಿ ಪಾತ್ರದ ರಿಚರ್ಡ್ ಬ್ಯಾಕಸ್ ಆಗ ಹೊಸಬ, ಅವನು ಹೆಚ್ಚು ಮಾತೇ ಆಡಲ್ಲ, ಕುರ್ಚೀಲಿ ಕೂತು ತೂಗಾಡ್ತಾನೆ ಅಷ್ಟೇ, ಅದನ್ನ ನೋಡ್ತಾ ನೋಡ್ತಾ ಅಮ್ಮ ಮುಖದಲ್ಲಿ ಗೆಲುವು ತಂದ್ಕೊಂಡು ಅಪ್ಪ ಕುಡಿಯೋಕೆ ಶುರು ಮಾಡೋದು, ಸಿನಿಮಾದ ಭಯ ಪೂರ್ತಿ ಅಲ್ಲಿದೆ. ನೀವೂ ಹಾಗೇ ಮಾಡಿ. ಮಗನ ಪಾತ್ರಕ್ಕೆ ಹೊಸ ಹುಡುಗ ನಡೆಯುತ್ತೆ, ಸುಮ್ನೆ ಕೂರೋಕೆ ಬರ್ಬೇಕು, ಮೂರು ನಿಮಿಷ ಕ್ಯಾಮೆರಾ ಮುಂದೆ ಏನೂ ಮಾಡದೆ ಕೂತ್ಕೊಂಡು ಬೋರ್ ಹೊಡಿಸದೆ ಇರ್ತಾನಾ ಅಂತ ಆಡಿಷನ್‌ನಲ್ಲೇ ನೋಡ್ಬಿಡಿ. ಅಪ್ಪ ಅಮ್ಮನಿಗೆ ಮಾತ್ರ ಹವ್ಯಾಸಿ ರಂಗಭೂಮಿಲಿ ಮೂವತ್ತು ವರ್ಷ ಸವೆಸಿದೋರನ್ನ ಹುಡುಕಿ, ಮೈಸೂರು, ಧಾರವಾಡ, ಶಿವಮೊಗ್ಗ ಎಲ್ಲ ಕಡೆ ಸಿಗ್ತಾರೆ, ಮತ್ತೆ ಮರ್ಯಾದೆಯಾಗಿ ಪೇಮೆಂಟ್ ಕೊಡಿ. "ಎಕ್ಸ್‌ಪೋಷರ್ ಸಿಗತ್ತೆ ಸಾರ್" ಅಂತ ಅರವತ್ತು ದಾಟಿದ ಕಲಾವಿದರಿಗೆ ಹೇಳೋ ಹುಡುಗರನ್ನ ನೋಡಿದ್ರೆ ನಂಗೆ ಮೈಯೆಲ್ಲ ಉರಿಯುತ್ತೆ.

ಸ್ಕ್ರಿಪ್ಟ್ ಬರೆಯೋಕೆ ಕೂತಾಗ ಮೊದಲ ಕೆಲಸ, ಯಾವ ಯುದ್ಧ ಅಂತ ಫಿಕ್ಸ್ ಮಾಡೋದು. "ಬಾರ್ಡರ್‌ನಲ್ಲಿ ಏನೋ ಆಯ್ತು" ಅಂತ ತೇಲಿಸ್ಬೇಡಿ. ವಿಯೆಟ್ನಾಂ ಇಂಥ ಸಿನಿಮಾಗಳಿಗೆ ಅಷ್ಟು ಹೊಂದಿಕೊಂಡಿದ್ದೇ ಅದು ಊರವರು ಮಾತಾಡೋಕೆ ಇಷ್ಟಪಡದ ಯುದ್ಧ ಆಗಿದ್ರಿಂದ, ಗೆದ್ದು ಮೆರವಣಿಗೆ ಮಾಡಿದ ಯುದ್ಧದಿಂದ ಬಂದವನಿಗೆ ಹಾರ ಹಾಕ್ತಾರೆ, ಇಂಥ ಯುದ್ಧದಿಂದ ಬಂದವನ ಹತ್ರ ಏನು ಕೇಳ್ಬೇಕು ಅಂತಾನೇ ಗೊತ್ತಾಗಲ್ಲ. ನಮ್ಮ ಕಡೆ ಅಂಥದ್ದು ಹುಡುಕಿದ್ರೆ ನಂಗೆ ಮೊದಲು ಕಾಣೋದು ಶ್ರೀಲಂಕಾಗೆ ಹೋಗಿದ್ದ ಶಾಂತಿಪಾಲನಾ ಪಡೆ, ಐಪಿಕೆಎಫ್, 1987ರಿಂದ 1990. ಶಾಂತಿ ಕಾಯೋಕೆ ಅಂತ ಹೋದೋರು ಎಲ್‌ಟಿಟಿಇ ಜೊತೆ ಯುದ್ಧಕ್ಕೆ ಬಿದ್ರು, ಸುಮಾರು 1,200 ಜನ ಸತ್ರು, 1990ರ ಮಾರ್ಚ್‌ನಲ್ಲಿ ಕೊನೇ ತುಕಡಿ ಮದ್ರಾಸಿಗೆ ಬಂದಿಳಿದಾಗ ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗ್ಲಿಲ್ಲ. ಕಾರ್ಗಿಲ್ ಬಗ್ಗೆ ಸಿನಿಮಾ ಬೇಕಾದಷ್ಟಿವೆ, ಇದರ ಬಗ್ಗೆ ಎಷ್ಟಿವೆ ನೀವೇ ಲೆಕ್ಕ ಹಾಕಿ. ಇನ್ನೂ ಹಿಂದೆ ಹೋಗೋ ಧೈರ್ಯ ಇದ್ರೆ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಇದಾರೆ, 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲ್‌ನ ಹೈಫಾದಲ್ಲಿ ಕುದುರೆ ಮೇಲೆ ನುಗ್ಗಿದೋರು, ಆದ್ರೆ ಕುದುರೆ, ಬಟ್ಟೆ, ದೀಪ ಅಂತ ಖರ್ಚು ಏರುತ್ತೆ. 1990 ಆದ್ರೆ ಸಲೀಸು. ಒಂದು ಡಯಲ್ ಫೋನು, ಒಂದು ಇನ್‌ಲ್ಯಾಂಡ್ ಲೆಟರ್, ಗೋಡೇಲಿ ಹಳೇ ಕ್ಯಾಲೆಂಡರು, ರಸ್ತೆ ತೋರ್ಸದೆ ಮನೆ ಒಳಗೇ ಇದ್ಬಿಡಿ. ಮತ್ತೆ ಟೆಲಿಗ್ರಾಂ ಇದೆಯಲ್ಲ, ಎರಡು ರೂಪಾಯಿ ಕಾಗದದ ಪ್ರಾಪು, ಆ ಕಾಲದ ಮನೇಲಿ ಸೈಕಲ್ ಬೆಲ್ ಆದ್ರೇನೇ ಅರ್ಧ ಜೀವ ಹೋಗ್ತಿತ್ತು.

ಆಮೇಲೆ ಒಂದು ಕೆಲಸ ಮಾಡಿ, ಸ್ಕ್ರಿಪ್ಟ್‌ಗೆ ಕೈ ಹಾಕೋ ಮುಂಚೆ ಅವನು ಇಲ್ಲದ ದಿನಗಳಲ್ಲಿ ಮನೇಲಿ ಏನಾಯ್ತು ಅಂತ ಒಂದೆರಡು ಪೇಜ್ ಬರೀರಿ. ಅವನ ರೂಮಲ್ಲಿ ಅಕ್ಕಿ ಮೂಟೆ ಇಟ್ಟಿದ್ರಾ, ತಂಗಿ ಅಲ್ಲಿ ಓದ್ಕೊಳ್ಳೋಕೆ ಶುರು ಮಾಡಿದ್ಲಾ, ಅಪ್ಪ ಅವನ ಬೈಕ್ ಮಾರಿಬಿಟ್ರಾ, ಅಮ್ಮ ಯಾವ ದೇವರಿಗೆ ಏನು ಹರಕೆ ಹೊತ್ರು. ಈ ಹರಕೆ ವಿಷಯ ನಿಮ್ಮ ಕಥೆಗೆ ಬೆನ್ನೆಲುಬು ಆಗ್ಬೋದು, ಯಾಕಂದ್ರೆ ನಮ್ಮಲ್ಲಿ ಅಮ್ಮಂದ್ರು ಬೇಡ್ಕೊಳ್ಳೋದು ಸುಮ್ನೆ ಅಲ್ಲ, ಲೆಕ್ಕ ಇಟ್ಟು ಬೇಡ್ಕೋತಾರೆ, ಬಂದ್ರೆ ಇಷ್ಟು ಕೊಡ್ತೀನಿ ಅಂತ. ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಮನೆಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರಲ್ಲ, ಗೊತ್ತಿರೋ ದನೀಲಿ ಕೂಗೋ ದೆವ್ವಾನ ಓಡಿಸೋಕೆ, ಈ ಕಥೇಲಿ ಅಮ್ಮ ಮಾಡೋದು ಅದರ ತದ್ವಿರುದ್ಧ, ಈಗ್ಲೇ ಬಾ ಅಂತ ತಾನೇ ಕೂಗಿ ಚಿಲಕ ತೆಗೆದಿಟ್ಟು ಮಲಗ್ತಾಳೆ.

ಭಯ ಹುಟ್ಸೋಕೆ ಕಾಸು ಬೇಕಿಲ್ಲ ಅನ್ನೋದಕ್ಕೆ ಒಂದು ಸೀನ್ ಕಟ್ಟಿ ತೋರ್ಸ್ತೀನಿ, ಬೇಕಿದ್ರೆ ತಗೊಳ್ಳಿ. ಮಗ ಬಂದ ರಾತ್ರಿ ಅಮ್ಮ ಮುದ್ದೆ, ಬಸ್ಸಾರು ಬಡಿಸ್ತಾಳೆ, ಅವನು ಮುಟ್ಟಲ್ಲ. ತಟ್ಟೆ ಎತ್ತುತ್ತಾ "ಟ್ರೈನಲ್ಲೇ ತಿಂದಿರ್ತಾನೆ" ಅಂತಾಳೆ, ಅಪ್ಪನಿಗೆ ಹೇಳೋ ಥರ, ಆದ್ರೆ ಅಪ್ಪ ಕೇಳೇ ಇಲ್ಲ. ಮರುದಿನ ಮತ್ತೆ ತಟ್ಟೆ, "ನೀರು ಬದಲಾದ್ರೆ ಹಸಿವು ಸಾಯುತ್ತೆ". ಮೂರನೇ ದಿನ ಅವಳು ತಟ್ಟೆ ಇಟ್ಟು, ತಾನೇ ಅವನ ತಟ್ಟೆಯಿಂದ ಎರಡು ತುತ್ತು ತಿಂದು, ಗಂಡನ ಕಡೆ ತಿರುಗಿ "ನೋಡಿ, ಇವತ್ತು ಸ್ವಲ್ಪ ತಿಂದ" ಅಂತಾಳೆ. ಅದೇ ರಾತ್ರಿ ಅಪ್ಪನಿಗೆ ನಿದ್ದೆ ಬರಲ್ಲ, ಹಾಲ್‌ಗೆ ಬರ್ತಾನೆ, ಮಗ ಚಾಪೆ ಮೇಲೆ ಬರೀ ಮೈಯಲ್ಲಿ ಮಲಗಿದಾನೆ, ಕಿಟಕಿ ತೆಗೆದಿದೆ. ಅಪ್ಪ ತನ್ನ ಕೈ ಮೇಲೆ, ಕತ್ತಿನ ಮೇಲೆ ಸೊಳ್ಳೆ ಹೊಡ್ಕೋತಾ ನಿಂತಿದಾನೆ, ಮಗನ ಮೇಲೆ ಒಂದೂ ಕೂರ್ತಿಲ್ಲ. ಅಷ್ಟೇ, ಕಟ್. ಇದಕ್ಕೆ ಒಂದು ಪೈಸೆ ಎಫೆಕ್ಟ್ಸ್ ಬೇಡ, ಸೌಂಡ್ ಎಡಿಟ್‌ನಲ್ಲಿ ಗುಯ್ ಅನ್ನೋದನ್ನ ಅಪ್ಪನ ಶಾಟ್‌ನಲ್ಲಿ ಇಟ್ಟು ಮಗನ ಕ್ಲೋಸ್‌ಅಪ್‌ನಲ್ಲಿ ತೆಗೆದ್ರೆ ಸಾಕು, ಮ್ಯೂಸಿಕ್ ಹಾಕಿದ್ರೋ ಕೆಡ್ತು.

ಯುದ್ಧಾನ ತೋರ್ಸ್ಬೇಕಾ? ಆದಷ್ಟು ಬೇಡ. ತೋರ್ಸಲೇಬೇಕು ಅಂದ್ರೆ ರಾತ್ರಿ, ಒಂದು ಪೊದೆ, ಇಬ್ಬರು ಮನುಷ್ಯರು, ಒಂದು ನಿಮಿಷದ ಒಳಗೆ ಮುಗಿಸಿ. ಬಡ್ಡಿ ಜಿಯೊವಿನಾಜೊ ಅನ್ನೋರು ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ 'ಕಾಂಬ್ಯಾಟ್ ಶಾಕ್' ಮಾಡಿದಾಗ ವಿಯೆಟ್ನಾಂ ಕಾಡನ್ನೂ ಅಲ್ಲೇ ಜೌಗು ಜಾಗದಲ್ಲಿ ತೆಗೆದ್ರು, ಸುಮಾರು 40,000 ಡಾಲರ್ ಬಜೆಟ್ಟು, 16 ಎಂಎಂ ಫಿಲ್ಮ್, ಹೀರೋ ಡೈರೆಕ್ಟರ್‌ರ ಸೋದರ, ಮ್ಯೂಸಿಕ್ಕೂ ಅವರದೇ, 1986ರಲ್ಲಿ ಟ್ರೋಮಾ ಕಂಪನಿ ರಿಲೀಸ್ ಮಾಡ್ತು. ಯುದ್ಧದ ಸೀನ್‌ಗಳು ಚೂರು ಪೇಲವ ಅಂತ ನಂಗನ್ಸತ್ತೆ. ಆದ್ರೆ ಆ ಹೀರೋ ಕೆಲಸ ಇಲ್ದೆ ಬೀದಿ ಬೀದಿ ಅಲೆಯೋದು, ವಿಯೆಟ್ನಾಂ ಕಾಡಿನ ಮೇಲೆ ಅಮೆರಿಕ ಸೇನೆ ಸುರಿದ ಏಜೆಂಟ್ ಆರೆಂಜ್ ಅನ್ನೋ ವಿಷದಿಂದ ವಿಕಾರವಾಗಿ ಹುಟ್ಟಿದ ಕೂಸು ಬಿಡದೆ ಅಳೋದು, ಅದನ್ನ ನೋಡಿ ಮುಗಿಸೋಕೆ ಗುಂಡಿಗೆ ಬೇಕು. ಕ್ಲೈಮ್ಯಾಕ್ಸ್ ಬಗ್ಗೆ ಎಚ್ಚರಿಕೆ ಕೊಟ್ಟೇ ಹೇಳ್ತೀನಿ, ಮನೇಲಿ ಪುಟ್ಟ ಮಕ್ಕಳಿರೋರು ನೋಡ್ಬೇಡಿ. ಕಲಿಯೋಕೆ ಇರೋದು ಏನಂದ್ರೆ, ಪಾಳು ಬಿದ್ದ ಫ್ಯಾಕ್ಟರಿ ಗೋಡೆ, ಖಾಲಿ ರೈಲ್ವೆ ಟ್ರ್ಯಾಕು, ಇಂಥವು ಪುಕ್ಕಟೆ ಸೆಟ್ಟು, ಕಥೆ ಮೂಡಿಗೆ ತಕ್ಕ ಜಾಗ ಇದ್ರೆ ಆರ್ಟ್ ಡೈರೆಕ್ಷನ್‌ನಲ್ಲಿ ಅರ್ಧ ದುಡ್ಡು ಉಳಿಯುತ್ತೆ.

ಜಾಗ ಒಂದೇ ಇಟ್ಕೊಳ್ಳೋದು ಇನ್ನೂ ಒಳ್ಳೇದು. 2023ರ 'ಬ್ರೂಕ್ಲಿನ್ 45' ನೋಡಿ, ಎರಡನೇ ಮಹಾಯುದ್ಧ ಮುಗಿದ ವರ್ಷದ ಡಿಸೆಂಬರ್, ಐದಾರು ಜನ ಹಳೇ ಸೇನೆಯೋರು, ಒಂದು ಬೈಠಕ್‌ಖಾನೆ, ಸತ್ತೋರನ್ನ ಕರೆಯೋಕೆ ಕೂರ್ತಾರೆ, ಸಿನಿಮಾ ಹೆಚ್ಚುಕಮ್ಮಿ ಪೂರ್ತಿ ಆ ರೂಮಲ್ಲೇ. ನಿಮ್ಗೆ ಮನೆ ಹುಡುಕೋವಾಗ ಚೆಂದಕ್ಕಿಂತ ಮುಖ್ಯ ಏನಂದ್ರೆ ಒಂದೇ ಕಡೆ ನಿಂತ್ರೆ ಎರಡು ಬಾಗಿಲು ಕಾಣ್ಬೇಕು, ಅಡುಗೆಮನೆಯಿಂದ ಹಾಲ್ ಕಾಣ್ಬೇಕು, ಯಾಕಂದ್ರೆ ಹಾರರ್‌ನಲ್ಲಿ ಫ್ರೇಮ್ ಹಿಂದಿನ ಬಾಗಿಲೇ ಅರ್ಧ ಕೆಲಸ ಮಾಡತ್ತೆ. ಕೊಡಗಿನ ತೋಟದ ಮನೆ, ಹಾಸನದ ತೊಟ್ಟಿ ಮನೆ ಇಂಥವು ಸಿಕ್ರೆ ಅದೃಷ್ಟ. ಸುತ್ತಮುತ್ತ ಶಬ್ದ ಹೇಗಿದೆ ಅಂತ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಹೋಗಿ ಕೂತು ಕೇಳಿ, ಪಕ್ಕದಲ್ಲಿ ಗರಗಸದ ಮಿಲ್ ಇದ್ಯಾ, ಹತ್ರದಲ್ಲಿ ಮೈಕ್ ಹಾಕೋ ಜಾಗ ಇದ್ಯಾ ಅಂತ.

ಸೌಂಡ್ ಬಗ್ಗೆ ಉದ್ದ ಹೇಳ್ತೀನಿ ಕ್ಷಮಿಸಿ, ಕಮ್ಮಿ ಬಜೆಟ್ ಸಿನಿಮಾ ಸಾಯೋದು ಚಿತ್ರದಿಂದ ಅಲ್ಲ, ಕೆಟ್ಟ ಆಡಿಯೋದಿಂದ. ಫೋನಲ್ಲೇ ಶೂಟ್ ಮಾಡಿ ಪರವಾಗಿಲ್ಲ, ಉದ್ದ ಕೋಲಿಗೆ ಕಟ್ಟಿ ಹಿಡಿಯೋ ಒಂದು ಒಳ್ಳೇ ಬೂಮ್ ಮೈಕು, ಒಂದು ರೆಕಾರ್ಡರ್, ಅದನ್ನ ಹಿಡಿಯೋಕೆ ಕೈ ನಡುಗದ ಒಬ್ಬ ಮನುಷ್ಯ ಇರ್ಲಿ. ಶಾಟ್‌ಗೆ ಮುಂಚೆ ಫ್ರಿಜ್ ಆಫ್ ಮಾಡಿ, ಆಫ್ ಮಾಡಿದಾಗ ನಿಮ್ಮ ಬೈಕ್ ಕೀ ಫ್ರಿಜ್ ಒಳಗಿಡಿ, ಇದು ಸೌಂಡ್ ಹುಡುಗರ ಹಳೇ ಉಪಾಯ, ಕೀ ಇಲ್ದೆ ಮನೆಗೆ ಹೋಗೋಕಾಗಲ್ಲ, ಹಾಗಾಗಿ ಮತ್ತೆ ಆನ್ ಮಾಡೋದು ಮರೆಯಲ್ಲ, ಮನೆಯೋರ ಹಾಲು ಒಡೆಯಲ್ಲ. ಪ್ರತಿ ರೂಮಲ್ಲಿ ಒಂದು ನಿಮಿಷ ಯಾರೂ ಉಸಿರೆತ್ತದೆ ನಿಂತು ಖಾಲಿ ರೂಮಿನ ಸದ್ದು ರೆಕಾರ್ಡ್ ಮಾಡ್ಕೊಳ್ಳಿ, ಎಡಿಟ್‌ನಲ್ಲಿ ಮಾತಿನ ಮಧ್ಯದ ಖಾಲಿ ತುಂಬೋಕೆ ಅದೇ ಅನ್ನ ಹಾಕೋದು. 'ಡೆತ್‌ಡ್ರೀಮ್'ನಲ್ಲಿ ಆ ತೂಗು ಕುರ್ಚಿ ಕಿರ್‌ಕಿರ್ ಅನ್ನೋದು ಬೇರೆ ರೂಮಿಗೂ ಕೇಳ್ಸತ್ತೆ, ಆಂಡಿ ಫ್ರೇಮಲ್ಲಿ ಇಲ್ದೇ ಇದ್ರೂ ಮನೇಲಿದಾನೆ ಅಂತ ಗೊತ್ತಾಗತ್ತೆ. ನೀವೂ ಮಗನಿಗೆ ಒಂದು ಸದ್ದು ಹುಡುಕಿ, ಮಂಚದ ಕಿರುಗುಟ್ಟೋದೋ ಉಯ್ಯಾಲೆ ಸರಪಳಿಯೋ. ಮೂರು ಸದ್ದು ಮಾತ್ರ ಬೇಡ: ಕುಕ್ಕರ್ ಸೀಟಿಗೆ ಬೆಚ್ಚಿ ಬೀಳೋದು, ದೀಪಾವಳಿ ಪಟಾಕಿಗೆ ನೆಲಕ್ಕೆ ಬೀಳೋದು, ಸೀಲಿಂಗ್ ಫ್ಯಾನ್ ಹೆಲಿಕಾಪ್ಟರ್ ಆಗೋದು. ಸವೆದು ಚಿಂದಿ ಆಗಿವೆ.

ಲೈಟಿಂಗ್‌ಗೆ ಒಂದೇ ಮಾತು, ನಮ್ಮ ಕರೆಂಟು 50 ಹರ್ಟ್ಸ್, ಮನೆ ಎಲ್‌ಇಡಿ ಬಲ್ಬ್‌ಗಳ ಕೆಳಗೆ ಶೂಟ್ ಮಾಡೋದಾದ್ರೆ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು ಇಟ್ಕೊಳ್ಳಿ, ಇಲ್ಲ ಅಂದ್ರೆ ಬೆಳಕು ಮಿಣುಕೋ ಫ್ಲಿಕರ್ ಬಂದು ಆಮೇಲೆ ಗೋಳಾಡ್ತೀರ. ಉಳಿದಿದ್ದು ಕತ್ತಲೆ ನೋಡ್ಕೊಳತ್ತೆ.

ಮೇಕಪ್‌ಗೆ ಬರೋಣ. ಟಾಮ್ ಸವಿನಿ ಹೆಸರು ಕೇಳಿರ್ತೀರ, 'ಡಾನ್ ಆಫ್ ದಿ ಡೆಡ್', 'ಫ್ರೈಡೇ ದಿ 13ತ್' ಮೇಕಪ್ ಮಾಡಿದೋರು, ಅವರ ಶುರುವಾತೇ ಈ 'ಡೆತ್‌ಡ್ರೀಮ್', ಓರ್ಮ್ಸ್‌ಬಿ ಜೊತೆ ಸೇರಿ. ಅದಕ್ಕೂ ಮುಂಚೆ ಅವರು ವಿಯೆಟ್ನಾಂನಲ್ಲಿ ಸೇನೆಯ ಫೋಟೋಗ್ರಾಫರ್ ಆಗಿದ್ರು, ನಿಜವಾದ ಹೆಣಗಳನ್ನ ಲೆನ್ಸ್ ಹಿಂದಿನಿಂದ ನೋಡಿ ಬಂದೋರು. ಆಂಡಿ ಒಂದೇ ಸಲಕ್ಕೆ ಕೊಳೆಯಲ್ಲ, ಮೊದಲು ಬಿಳಿಚಿಕೊಳ್ತಾನೆ, ಆಮೇಲೆ ಕಪ್ಪು ಕನ್ನಡಕ ಬರತ್ತೆ, ಹೊಸ ರಕ್ತ ಸಿಗೋ ತನಕ ಚರ್ಮ ಬಿಡ್ತಾ ಹೋಗತ್ತೆ, ಆ ರಕ್ತಾನ ಅವನು ಸಿರಿಂಜ್‌ನಲ್ಲಿ ತೋಳಿಗೆ ಚುಚ್ಕೋತಾನೆ, ಡ್ರಗ್ಸ್ ಚಟ ಹತ್ತಿಸ್ಕೊಂಡು ಬಂದ ಸೈನಿಕರನ್ನ ನೋಡ್ತಿದ್ದ ಆಗಿನ ಅಮೆರಿಕದೋರಿಗೆ ಅದೇನು ಅಂತ ಬಿಡಿಸಿ ಹೇಳ್ಬೇಕಿರ್ಲಿಲ್ಲ. ನೀವು ಮಾಡೋವಾಗ ಕೊಳೆಯೋದನ್ನ ನಾಲ್ಕು ಹಂತ ಮಾಡಿ, ಒಂದೊಂದಕ್ಕೂ ನಂಬರ್ ಕೊಡಿ, ಸ್ಕ್ರಿಪ್ಟ್‌ನಲ್ಲಿ ಪ್ರತಿ ಸೀನ್ ಪಕ್ಕ ಆ ನಂಬರ್ ಬರೀರಿ, ಒಂದು ದಿನಕ್ಕೆ ಒಂದೇ ಹಂತ ಶೂಟ್ ಮಾಡಿ, ಮಧ್ಯಾಹ್ನ ನಾಲ್ಕನೇದು ತೆಗೆದು ಸಂಜೆ ಒಂದನೇದಕ್ಕೆ ಹೋದ್ರೆ ಆ ಹುಡುಗನ ಚರ್ಮ ಕಿತ್ತು ಬರತ್ತೆ. ಲಿಕ್ವಿಡ್ ಲೇಟೆಕ್ಸ್, ಅಂದ್ರೆ ದ್ರವ ರಬ್ಬರ್ ಮೇಲೆ ಟಿಶ್ಯೂ ಪೇಪರ್ ಪದರ ಹಾಕಿ ಒಣಗಿಸಿ ಹರಿದ್ರೆ ಸುಲಿದ ಚರ್ಮ ರೆಡಿ, ಹಿಂದಿನ ದಿನವೇ ಕೈಗೆ ಹಚ್ಚಿ ಅಲರ್ಜಿ ನೋಡಿ. ರಕ್ತಕ್ಕೆ ಕಾರ್ನ್ ಸಿರಪ್, ಕೆಂಪು ಫುಡ್ ಕಲರ್, ಒಂದೇ ಒಂದು ಹನಿ ನೀಲಿ, ಗಟ್ಟಿ ಬರೋಕೆ ಕೋಕೋ ಪುಡಿ. ಇರುವೆ ಮುತ್ತುತ್ತೆ, ಹುಷಾರು. ಮನೆ ಗೋಡೆ ಡಿಸ್ಟೆಂಪರ್ ಆಗಿದ್ರೆ ಆ ಕಲೆ ಹೋಗಲ್ಲ, ಪ್ಲಾಸ್ಟಿಕ್ ಶೀಟ್ ಹೊಡೀರಿ, ಇಲ್ಲ ಪೇಂಟ್ ಖರ್ಚೂ ಬಜೆಟ್‌ಗೆ ಸೇರ್ಸಿ.

ನಾಯಿ ಸಾಯೋ ಸೀನ್ 'ಡೆತ್‌ಡ್ರೀಮ್'ನಲ್ಲಿದೆ, ಮಕ್ಕಳ ಎದುರಿಗೇ. ನಿಮ್ಗೂ ಆಸೆ ಆದ್ರೆ ತೆರೆ ಆಚೆ ಇಡಿ, ಇಲ್ಲಿ ಸಿನಿಮಾದಲ್ಲಿ ಪ್ರಾಣಿ ಬಳಸೋಕೆ ಅನಿಮಲ್ ವೆಲ್‌ಫೇರ್ ಬೋರ್ಡ್ ಪರ್ಮಿಷನ್ ಬೇಕು, ಮತ್ತೆ ಖಾಲಿ ಸರಪಳಿ ಒಂದು ಸಾಕು. ಯೂನಿಫಾರ್ಮ್ ವಿಷಯ ಇನ್ನೂ ಜೋಪಾನ. ಸೈನಿಕ ಅಂತ ನಂಬಿಸೋ ಉದ್ದೇಶದಿಂದ ಸೈನಿಕನಲ್ಲದವನು ಆ ಬಟ್ಟೆ ಹಾಕೋದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ, ನಟನೆಗೆ ಆ ಉದ್ದೇಶ ಇರಲ್ಲ ನಿಜ, ಆದ್ರೆ ನಿಮ್ಮ ಹೀರೋ ಕಾಸ್ಟ್ಯೂಮ್‌ನಲ್ಲೇ ಟೀ ಕುಡಿಯೋಕೆ ಬಸ್‌ಸ್ಟ್ಯಾಂಡ್‌ಗೆ ಹೋದ್ರೆ ಅಲ್ಲಿ ಪೊಲೀಸರಿಗೆ ಏನಂತ ಹೇಳ್ತೀರ? ಸೆಟ್‌ನಿಂದ ಆಚೆ ಹೋಗೋವಾಗ ಅಂಗಿ ಬದಲಾಯಿಸೋದು ರೂಲ್ ಮಾಡಿ. ಜೊತೆಗೆ 2020ರಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಮಂಡಳಿಗೆ ಪತ್ರ ಬರೆದು, ಸೇನೆ ಬಗ್ಗೆ ಸಿನಿಮಾ, ವೆಬ್ ಸೀರೀಸ್ ಮಾಡೋರು ಪ್ರಸಾರಕ್ಕೆ ಮುಂಚೆ ಎನ್‌ಒಸಿ, ಅಂದ್ರೆ ಆಕ್ಷೇಪ ಇಲ್ಲ ಅನ್ನೋ ಪತ್ರ ತಗೊಳ್ಳೋ ಹಾಗೆ ನೋಡ್ಕೊಳ್ಳಿ ಅಂತ ಕೇಳಿತ್ತು, ಅದನ್ನೂ ತಲೇಲಿಟ್ಕೊಳ್ಳಿ. ನನ್ನ ಕೇಳಿದ್ರೆ ಯೂನಿಫಾರ್ಮ್ ಮೊದಲ ಸೀನ್‌ನಲ್ಲಿ ಒಂದು ಸಲ, ಆಮೇಲೆ ಅಮ್ಮ ಅದನ್ನ ಒಗೆದು ಹಗ್ಗದ ಮೇಲೆ ಹಾಕಲಿ, ಇಡೀ ಸಿನಿಮಾ ಅದು ಒಣಗದೇ ಇರ್ಲಿ. ರೆಜಿಮೆಂಟ್ ಹೆಸರು, ಪದಕ ಇವಕ್ಕೆ ಕೈ ಹಾಕ್ಬೇಡಿ, ಒಂದು ರಿಬ್ಬನ್ ತಪ್ಪಾದ್ರೂ ಕಾಮೆಂಟ್ಸ್ ಪೂರ್ತಿ ಅದೇ ಆಗತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಪಿಟಿಎಸ್‌ಡಿ, ಅಂದ್ರೆ ಭಾರೀ ಆಘಾತ ಕಂಡೋರನ್ನ ಆಮೇಲೂ ಬಿಡದೆ ಕಾಡೋ ಮಾನಸಿಕ ಕಾಯಿಲೆ, ಆ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದಿದ್ದೇ 1980ರಲ್ಲಿ, 'ಡೆತ್‌ಡ್ರೀಮ್' ಬಂದಾಗ ಅದಕ್ಕಿನ್ನೂ ಆ ಹೆಸರಿರ್ಲಿಲ್ಲ, ಅದಕ್ಕೇ ದೆವ್ವದ ಭಾಷೇಲಿ ಹೇಳಿದ್ದು ಅಷ್ಟು ನಾಟತ್ತೆ. ಈಗ ಎಲ್ಲರಿಗೂ ಆ ಪದ ಗೊತ್ತು, ಹಾಗಾಗಿ ಡಾಕ್ಟರ್ ಪಾತ್ರ ತಂದು "ಇದು ಪಿಟಿಎಸ್‌ಡಿ" ಅಂತ ಹೇಳಿಸಿದ್ರೆ ಕಥೆ ಅಲ್ಲೇ ಮುಗೀತು, ಅದಕ್ಕಿಂತ ಕೆಟ್ಟದ್ದು ಕಾಯಿಲೆ ಇರೋನು ಅಂದ್ರೆ ಕೊಲೆಗಾರ ಅನ್ನೋ ಲೆಕ್ಕ ಬರತ್ತೆ. 'ಡೆತ್‌ಡ್ರೀಮ್'ನಲ್ಲೂ ಡಾಕ್ಟರ್ ಇದಾರೆ, ಆಂಡಿ ಅವರಿಗೆ ಹೇಳೋದು ನಾನು ನಿಮಗೋಸ್ಕರ ಸತ್ತೆ, ಈಗ ನಿಮ್ಮ ಸರದಿ ಅನ್ನೋ ಅರ್ಥದ ಮಾತು. ಕೋಪ ಊರಿನ ಮೇಲಿದೆ, ಅದಕ್ಕೊಂದು ನ್ಯಾಯ ಇದೆ. ಬರೆದಾದ್ಮೇಲೆ ಸ್ಕ್ರಿಪ್ಟನ್ನ ಒಬ್ಬರು ನಿವೃತ್ತ ಸೈನಿಕರಿಗೆ ಕೊಟ್ಟು ಓದಿಸಿ, ಅವರ ಸಮಯಕ್ಕೆ ದುಡ್ಡು ಕೊಡಿ, ಅವರ ನೋವಿನ ಕಥೆ ಕೆದಕೋಕೆ ಹೋಗ್ಬೇಡಿ, ಮನೆಗೆ ಬಂದ ಮೊದಲ ವಾರ ಏನು ವಿಚಿತ್ರ ಅನ್ಸಿತ್ತು ಅಂತ ಮಾತ್ರ ಕೇಳಿ. ಫ್ರೆಂಚ್ ಡೈರೆಕ್ಟರ್ ಏಬೆಲ್ ಗಾನ್ಸ್ 1919ರ 'ಜಾಕ್ಯೂಸ್' ಸಿನಿಮಾಗೆ ರಜೆ ಮೇಲೆ ಬಂದಿದ್ದ ನಿಜವಾದ ಸೈನಿಕರನ್ನೇ ಹೆಣಗಳಾಗಿ ಎದ್ದು ನಡೆಸಿದ್ರು, ಅದರಲ್ಲಿ ಎಷ್ಟೋ ಜನ ವಾಪಸ್ ಯುದ್ಧಕ್ಕೆ ಹೋಗಿ ಸತ್ರು, ಯುದ್ಧದಲ್ಲಿ ಬಲಗೈ ಕಳ್ಕೊಂಡಿದ್ದ ಕವಿ ಬ್ಲೇಜ್ ಸಾಂದ್ರಾರ್ ಕೂಡ ಆ ಸಾಲಲ್ಲಿದ್ರು. ಅದನ್ನ ನೋಡಿದ್ಮೇಲೆ ಸುಮ್ನೆ ಶೋಕಿಗೆ ಯುದ್ಧ ಬಳಸೋಕೆ ಮನಸ್ಸು ಬರಲ್ಲ.

ಕ್ಲೈಮ್ಯಾಕ್ಸ್ ಮೊದಲು ಬರೀರಿ, ಆದ್ರೆ ಶೆಡ್ಯೂಲ್‌ನ ಕೊನೇ ದಿನಕ್ಕೆ ಇಡಬೇಡಿ, ಕೊನೇ ದಿನ ಮಳೆ ಬರತ್ತೆ, ಇಲ್ಲ ಜನರೇಟರ್ ಕೈ ಕೊಡತ್ತೆ, ಎಲ್ರೂ ಸುಸ್ತಾಗಿರ್ತಾರೆ, ಅದಕ್ಕೇ ನಾಲ್ಕನೇ ಹಂತದ ಮೇಕಪ್ ಮಧ್ಯದ ದಿನಗಳಿಗೆ ತನ್ನಿ. ಮತ್ತೆ ಆ ಸೀನೂ ಅಮ್ಮನಿಗೇ ಸೇರ್ಬೇಕು. ಆಂಡಿ ಕೊನೆಗೆ ತಾನೇ ತೋಡಿಕೊಂಡ ಗುಂಡಿಗೆ ಇಳೀತಾನೆ, ಅವನನ್ನ ಅಲ್ಲೀವರೆಗೆ ಕಾರಲ್ಲಿ ಕೂರಿಸ್ಕೊಂಡು ಹೋಗೋದು ಅಮ್ಮ, ಅಪ್ಪ ಅಷ್ಟೊತ್ತಿಗೆ ಬದುಕಿಲ್ಲ. ಪೊಲೀಸರಿಂದ, ಮಂತ್ರವಾದಿಯಿಂದ ಕಥೆ ಮುಗಿಸ್ಬೇಡಿ, ಕರೆದವಳೇ ಕಳಿಸ್ಲಿ ಅಥವಾ ಕಳಿಸೋಕಾಗದೆ ಇರ್ಲಿ, ಎರಡರಲ್ಲಿ ಒಂದು.

ಹೆಸರಿಡೋವಾಗ ಒಂದೇ ಇಟ್ಟು ಅದಕ್ಕೇ ಅಂಟಿಕೊಳ್ಳಿ. 'ಡೆತ್‌ಡ್ರೀಮ್'ಗೆ 'ಡೆಡ್ ಆಫ್ ನೈಟ್' ಅಂತಾನೂ ಹೆಸರಿದೆ, 'ದಿ ನೈಟ್ ಆಂಡಿ ಕೇಮ್ ಹೋಮ್' ಅಂತಾನೂ ಇದೆ, ಇವತ್ತಿಗೂ ಹುಡುಕೋರು ಬೇರೆ ಯಾವುದೋ ಸಿನಿಮಾ ನೋಡಿ ಬೈಕೊಂಡು ಬರ್ತಾರೆ. ಮತ್ತೆ ಅಪ್‌ಲೋಡ್ ಮಾಡೋವಾಗ ಥಂಬ್‌ನೇಲ್‌ಗೆ ಮಗನ ಕೊಳೆತ ಮುಖ ಹಾಕ್ಬೇಡಿ, ಖಾಲಿ ಕೈಯಲ್ಲಿ ತಟ್ಟೆ ಮುಂದೆ ಕೂತಿರೋ ಅಮ್ಮನ ಫೋಟೋ ಹಾಕಿ, ಕನ್ನಡ ಸಬ್‌ಟೈಟಲ್ಲೂ ಸೇರ್ಸಿ, ಹಾರರ್‌ನಲ್ಲಿ ಪಿಸುಮಾತು ಜಾಸ್ತಿ ಇರತ್ತೆ, ಬಸ್ಸಲ್ಲಿ ನೋಡೋರಿಗೆ ಕೇಳ್ಸಲ್ಲ.